ಆರಿಫ ಹೇಳಿದ ಶಾರ್ಜಾ ರೇಟು

ಹುಮನಾಬಾದಿನಲ್ಲಿ ಹೆದ್ದಾರಿಯ ಎರಡೂ ಬದಿಗೆ ಕಾರಿನ ಡೆಕ್ಕು, ಸ್ಪೀಕರು ಕೂಡಿಸುವ ಅಂಗಡಿಗಳಿವೆ. ಅವುಗಳಲ್ಲಿ ಅಬ್ದುಲ್ ಕರೀಮನದು ದೊಡ್ಡ ಅಂಗಡಿಯೇನಲ್ಲ. ಒಂದು ಶಟರು, ಅದರ ಮುಂದೆ ಒಂದು ಗಾಡಿ ನಿಲ್ಲುವಷ್ಟು ತಗಡಿನ ನೆರಳು, ಗೋಡೆಗೆ ನೇತುಹಾಕಿದ ಬಣ್ಣಬಣ್ಣದ ವೈರಿನ ಸುರುಳಿಗಳು. ಆದರೂ ಜಹೀರಾಬಾದ್, ಉಮರ್ಗಾ ಕಡೆಯ ಗಾಡಿಗಳು ಬೇರೆ ಅಂಗಡಿಗಳನ್ನು ದಾಟಿ ಅಲ್ಲಿಗೇ ಬರುತ್ತಿದ್ದವು. ಡ್ಯಾಶ್‌ಬೋರ್ಡಿಗೆ ಒಂದು ಗೀರೂ ಬೀಳದಂತೆ ಬಿಚ್ಚಿ ಕೂಡಿಸುವ ಅವನ ಕೈ ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಬಸವಕಲ್ಯಾಣದಲ್ಲಿ, ಕಿಲ್ಲೆಯ ಹತ್ತಿರದ ಓಣಿಯಲ್ಲಿ, ಒಲೆಯ ಮುಂದೆ ಇರುತ್ತಿತ್ತು. ಅದು ಅವನ ಹೆಂಡತಿ ಆರಿಫ.

ಕರೀಮನ ವ್ಯಾಪಾರಕ್ಕೆ ಒಂದು ಪದ್ಧತಿ ಇತ್ತು. ಗಿರಾಕಿ ಒಂದು ಡೆಕ್ ಆರಿಸಿದ ಮೇಲೆ ಅವನು ಮೂರು ದರ ಹೇಳುತ್ತಿದ್ದ. ಹೈದರಾಬಾದಿನಲ್ಲಿ ಇದಕ್ಕೆ ಇಷ್ಟು, ಶಾರ್ಜಾದಲ್ಲಿ ಇಷ್ಟು, ಅಲ್ಲಿಂದ ತಂದುಕೊಟ್ಟವನ ಖರ್ಚು ಮತ್ತು ನನ್ನ ಕೈಕೂಲಿ ಸೇರಿ ಇಷ್ಟು. ಮಾಲಿನ ಮೇಲೆ ನನಗೆ ಏನೂ ಬೇಡ, ಎಲ್ಲಿಯದು ಬೇಕೋ ನೀವೇ ಆರಿಸಿಕೊಳ್ಳಿ. ಹೈದರಾಬಾದಿನ ದರವನ್ನು ತಾನೇ ಹೇಳುತ್ತಿದ್ದ. ಶಾರ್ಜಾದ ದರ ಬಂತೆಂದರೆ ಮಾತ್ರ ಜೇಬಿನಿಂದ ಮೊಬೈಲು ತೆಗೆದು, ಗಾಡಿಯ ಬಾನೆಟ್ಟಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮನೆಗೆ ಫೋನು ಹಚ್ಚುತ್ತಿದ್ದ. ಮಗಳ ಹೆಸರು ಹಿಡಿದು ಹೆಂಡತಿಯನ್ನು ಕರೆಯುತ್ತಿದ್ದ.

“ಸಿಮ್ರಾನ್ ಅಮ್ಮಿ, ಏಳಿಂಚಿನ ಪರದೆ ಇರೋ ಡೆಕ್ಕಿಗಿ ನಿನ್ನ ತಮ್ಮ ಏನ್ ರೇಟು ಹೇಳ್ಯಾನ?”

“ಆರುನೂರು ದಿರ್ಹಮ್ ಅಂದಾನ್ರಿ. ದಿರ್ಹಮಿಗಿ ಇಪ್ಪತ್ತೆರಡೂವರಿ ಹಿಡದ್ರ ಹದಿಮೂರೂವರಿ ಸಾವಿರ ಆಗ್ತದ.”

ಅಷ್ಟೇ. ಗಿರಾಕಿ ತಲೆಯಾಡಿಸುತ್ತಿದ್ದ. ಅವಳ ಹಿಂದೆ ಒಗ್ಗರಣೆಯ ಸದ್ದು ಕೇಳಿಸುತ್ತಿತ್ತು, ಒಮ್ಮೊಮ್ಮೆ ಮಸೀದಿಯ ಬಾಂಗು ಕೇಳಿಸುತ್ತಿತ್ತು. ಹೀಗೆ ಅಡುಗೆಮನೆಯಿಂದ ಮಾತಾಡುವ ಹೆಂಗಸು ಸುಳ್ಳು ಹೇಳಲಾರಳು ಎಂದು ಯಾರಿಗಾದರೂ ಅನಿಸುತ್ತಿತ್ತು. ಅವಳು ಹೇಳುತ್ತಲೂ ಇರಲಿಲ್ಲ. ತಮ್ಮ ನಸೀರ ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಫೋನು ಮಾಡಿದಾಗ ಏನು ಹೇಳಿದ್ದನೋ ಅದನ್ನು ನೆನಪಿಟ್ಟು, ಒಂದು ರೂಪಾಯಿ ಹೆಚ್ಚು ಕಡಿಮೆ ಮಾಡದೆ ದಾಟಿಸುತ್ತಿದ್ದಳು.

ನಸೀರ ಶಾರ್ಜಾದಲ್ಲಿ ಗಾಡಿಯ ಬಿಡಿಭಾಗ ಸಾಗಿಸುವ ವ್ಯಾನು ಓಡಿಸುತ್ತಾನೆ. ತಾಯಿ ತೀರಿಕೊಂಡಾಗ ಅವನಿನ್ನೂ ಹಾಲು ಬಿಟ್ಟಿರಲಿಲ್ಲ. ಆರಿಫಳೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಮದುವೆಯಾಗಿ ಗಂಡನ ಮನೆಗೆ ಬಂದಾಗಲೂ ಅವನು ಅವಳ ಹಿಂದೆಯೇ ಬಂದ. ಅಕ್ಕನನ್ನು ಆಪಾ, ಭಾವ ಕರೀಮನನ್ನು ದುಲ್ಹೇಭಾಯಿ ಎನ್ನುತ್ತ ಬೆಳೆದ. ಈಗ ಶಾರ್ಜಾದಲ್ಲಿ ಅವನು ಕೊಂಡ ಡೆಕ್ಕು, ಆಂಪ್ಲಿಫೈಯರುಗಳನ್ನು ಛುಟ್ಟಿಗೆ ಊರಿಗೆ ಬರುವವರು ತಮ್ಮ ಸಾಮಾನಿನಲ್ಲಿ ಒಂದೊಂದಾಗಿ ತಂದುಕೊಡುತ್ತಿದ್ದರು. ಕರೀಂ ಒಮ್ಮೆಯೂ ಅವುಗಳ ರಸೀದಿ ಕೇಳಿದವನಲ್ಲ. ಹೆಂಡತಿಯ ತವರಿನಿಂದ ಬಂದದ್ದಕ್ಕೆ ರಸೀದಿ ಕೇಳುವುದು ಅವರ ಬಳಗದಲ್ಲಿ ಮುಖಕ್ಕೆ ಉಗುಳಿದಂತೆ. ಬೇರೆ ಅಳಿಯಂದಿರು ಇದನ್ನು ಬಾಯಲ್ಲಿ ಹೇಳಿ ಒಳಗೊಳಗೆ ಲೆಕ್ಕ ಹಾಕುತ್ತಾರೆ, ತನ್ನ ಗಂಡ ಹಾಗಲ್ಲ ಎಂದು ಆರಿಫಳಿಗೆ ಹೆಮ್ಮೆಯಿತ್ತು. ಅದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದು. ಅಷ್ಟು ಜನ ಗಂಡಸರ ನಡುವೆ ನಿಂತು ಅವನು ತನ್ನ ಮಾತನ್ನೇ ಕೇಳಿ ವ್ಯಾಪಾರ ಮುಗಿಸುತ್ತಾನೆ. ಓಣಿಯ ಯಾವ ಹೆಂಗಸಿಗೆ ಆ ಮರ್ಯಾದೆ ಇತ್ತು?

ಕೊಡಂಬಲದ ಮಚ್ಚೇಂದ್ರ ಆ ಅಂಗಡಿಯ ಹಳೆಯ ಗಿರಾಕಿ. ಕೈಗಾರಿಕಾ ಪ್ರದೇಶದ ಔಷಧ ಫ್ಯಾಕ್ಟರಿಯ ಸಾಹೇಬರನ್ನು ಕರೆದೊಯ್ಯಲು ಗಾಡಿ ಬಿಟ್ಟಿದ್ದ. ಒಂದಿದ್ದದ್ದು ಎರಡಾಯಿತು, ಎರಡಿದ್ದದ್ದು ಮೂರಾಯಿತು. ಮೂರಕ್ಕೂ ಕರೀಮನ ಅಂಗಡಿಯದೇ ಡೆಕ್ಕು. ಕಳೆದ ಬೇಸಿಗೆಯಲ್ಲಿ ಅವನ ಅಳಿಯ ರತ್ನದೀಪ ಮಸ್ಕತ್ತಿನಿಂದ ರಜೆಗೆ ಬಂದ. ಮಾವನ ಗಾಡಿಯಲ್ಲಿ ಕುಳಿತು ಡೆಕ್ಕಿನ ಮೇಲೆ ಕೈಯಾಡಿಸಿ, ಇದೇ ನಮೂನೆಯದು ಅಲ್ಲಿ ನಲವತ್ತೈದು ರಿಯಾಲಿಗೆ ಸಿಗುತ್ತದೆ ಎಂದ. ಮರುದಿನ ಮಾವ ಅಳಿಯ ಇಬ್ಬರೂ ಅಂಗಡಿಗೆ ಬಂದರು. ಜಗಳಕ್ಕಲ್ಲ, ಹರಟೆಗೇ ಬಂದರು.

ಕರೀಂ ನಕ್ಕ. “ಏ ಅಳಿಯ ಸಾಹೇಬ್ರ, ಮಸ್ಕತ್ತಿನ ರೇಟು ತೊಗೊಂಡು ಶಾರ್ಜಾಕ್ಕ ಹ್ಯಾಂಗ ಹಚ್ತೀರಿ? ದೇಶ ಬ್ಯಾರೆ, ರೊಕ್ಕ ಬ್ಯಾರೆ. ತಡೀರಿ, ನಮ್ಮ ಮನ್ಯಾಗ ಕೇಳೂಣು.” ಮೊಬೈಲು ಬಾನೆಟ್ಟಿನ ಮೇಲೆ ಬಂತು.

ಆರಿಫ ನಲವತ್ತೈದು ರಿಯಾಲು ಎಂಬುದನ್ನು ಕೇಳಿ ಮನಸ್ಸಿನಲ್ಲೇ ಗುಣಿಸಿದಳು. ಒಮಾನಿನ ರಿಯಾಲು ಇನ್ನೂರು ಚಿಲ್ಲರೆ ರೂಪಾಯಿ ಎಂದು ಅವಳಿಗೆ ಗೊತ್ತಿತ್ತು. ಒಂಬತ್ತೂವರೆ ಸಾವಿರ ದಾಟುತ್ತದೆ, ಹತ್ತು ಮುಟ್ಟುವುದಿಲ್ಲ. ಅವಳಿಗೆ ಸ್ವಲ್ಪ ಗಾಬರಿಯಾಯಿತು. ಆದರೆ ಮಾತು ತಮ್ಮನ ಮೇಲೆ ಬರುತ್ತಿದೆ ಎನ್ನಿಸಿದ್ದೇ ಗಾಬರಿ ಸಿಟ್ಟಾಯಿತು.

“ಅಲ್ಲೀದು ಹಳೇ ಮಾಲ್ ಇರಬೇಕಣ್ಣಾ. ನನ್ನ ತಮ್ಮ ನನಗ ಆರುನೂರಂತ ಹೇಳ್ಯಾನ. ನನ್ನ ಮುಂದ ಅಂವ ಯಾವತ್ತೂ ಸುಳ್ಳು ಹೇಳಿಲ್ಲ.”

“ನಿಮ್ಮ ತಮ್ಮಗ ಯಾರು ಏನಂದ್ರಿ ಭಾಭಿ?” ಮಚ್ಚೇಂದ್ರನ ದನಿ ಮೆತ್ತಗಾಯಿತು. “ಈ ಹುಡುಗ ಮಸ್ಕತ್ ನೋಡ್ಯಾನಂತ ನಮ್ಮನ್ನ ಹಳ್ಳೀ ಮಂದಿ ಮಾಡಾಕತ್ತಾನ, ಅದಕ್ಕ ಕೇಳಿದೆ.”

“ಖುದಾ ಕಸಮ್ ಅಣ್ಣಾ, ಅದೇ ಶಾರ್ಜಾ ರೇಟು.”

ಆಣೆ ಇಡುವುದು ಅವಳ ರೂಢಿಯಲ್ಲ. ಮಕ್ಕಳು ಆಟದಲ್ಲಿ ಆಣೆ ಇಟ್ಟರೂ ಬೈಯುವವಳು ಅವಳು. ಅವತ್ತು ಬಾಯಿಂದ ಬಂದುಬಿಟ್ಟಿತು. ಮಚ್ಚೇಂದ್ರ ಎಲ್ಲರ ಮುಂದೆ ಅಳಿಯನಿಗೆ ಬೈದ. ರತ್ನದೀಪ “ಮಾಫ್ ಮಾಡ್ರಿ” ಎಂದ. ಮಾತು ಮುಗಿಯಿತು.

ಆರಿಫಳ ಒಳಗೆ ಮುಗಿಯಲಿಲ್ಲ. ನಮಾಜಿಗೆ ನಿಂತರೆ ಆಣೆ ನೆನಪಾಗುತ್ತಿತ್ತು. ಇಟ್ಟ ಆಣೆ ಖರೆ ಎಂದು ಒಮ್ಮೆ ತನ್ನ ಕಣ್ಣಿನಿಂದ ನೋಡಿಬಿಟ್ಟರೆ ನೆಮ್ಮದಿ ಎಂದುಕೊಂಡಳು. ತಮ್ಮನ ಮೇಲೆ ಅನುಮಾನವಿರಲಿಲ್ಲ. ರತ್ನದೀಪನ ಬಾಯಿ ಮುಚ್ಚಿಸುವ ಆಸೆ ಇತ್ತು, ಅಷ್ಟೇ.

ಮಗಳು ಸಿಮ್ರಾನ್ ಡಿಗ್ರಿ ಓದುತ್ತಾಳೆ. ಒಂದು ಮಧ್ಯಾಹ್ನ ಆರಿಫ ಮನೆಯಲ್ಲಿದ್ದ ಅದೇ ನಮೂನೆಯ ಡೆಕ್ಕಿನ ಡಬ್ಬಿ ತಂದು ಅವಳ ಮುಂದಿಟ್ಟಳು. “ಇದರ ಮ್ಯಾಲಿನ ನಂಬರ್ ನಿನ್ನ ಮೊಬೈಲಿನ್ಯಾಗ ಹಾಕಿ ನೋಡು. ಯಾವ ದೇಶದಾಗ ಎಷ್ಟದ?”

ಸಿಮ್ರಾನಳಿಗೆ ಅದು ಆಟದಂತೆ ಕಂಡಿತು. “ಅಮ್ಮಿ, ಜರ್ಮನಿದಾಗ ನಮ್ಮ ಹೈದರಾಬಾದಿಗಿಂತ ಜಾಸ್ತಿ!”

“ಅಷ್ಟು ಶ್ರೀಮಂತ ದೇಶ. ಅಲ್ಲಿ ಯಾಕ ಜಾಸ್ತಿ?”

“ಟ್ಯಾಕ್ಸ್ ಇರ್ತದ ಅಮ್ಮಿ. ಸಿಂಗಾಪುರ ನೋಡು, ಬ್ಯಾಂಕಾಕ್ ನೋಡು. ಒಂದೇ ಡಬ್ಬಿ, ದೇಶಕ್ಕೊಂದು ರೇಟು. ಮಸ್ಕತ್ ನಲವತ್ತಾರು ರಿಯಾಲ್. ಮಚ್ಚೇಂದ್ರ ಮಾಮಾನ ಅಳಿಯ ಖರೇನೇ ಹೇಳ್ಯಾನ.”

“ಶಾರ್ಜಾ?”

ಸಿಮ್ರಾನ್ ಬೆರಳು ನಿಲ್ಲಿಸಿದಳು. ಬೇರೆ ಅಂಗಡಿಯ ಪುಟ ತೆಗೆದಳು, ಅದನ್ನು ಬಿಟ್ಟು ಇನ್ನೊಂದು ತೆಗೆದಳು. “ನಾನೂರಾ ಇಪ್ಪತ್ತು” ಎಂದಳು ಮೆಲ್ಲಗೆ.

ಪರದೆಯ ಮೇಲಿನ ಅಕ್ಷರ ನೋಡಿ ಒಡಹುಟ್ಟಿದವನನ್ನು ಕಳ್ಳನೆನ್ನಲು ಆರಿಫ ತಯಾರಿರಲಿಲ್ಲ. ಶಾರ್ಜಾದ ಆ ಅಂಗಡಿಗೇ ಫೋನು ಹಚ್ಚಿಸಿದಳು. ಎತ್ತಿದವನು ಹೈದರಾಬಾದಿನ ಕಡೆಯವನು, ಮಾತು ಕೇಳಿದರೇ ಗೊತ್ತಾಗುತ್ತಿತ್ತು. ಗಿರಾಕಿಯಂತೆ ಕೇಳಿದಳು. ನಾನೂರಾ ಇಪ್ಪತ್ತು, ಎರಡು ತೊಗೊಂಡರೆ ಇನ್ನೂ ಸ್ವಲ್ಪ ಬಿಡುತ್ತೇವೆ ಎಂದ. ಹೋದ ವರ್ಷ ಎಷ್ಟಿತ್ತು? ಇದಕ್ಕಿಂತ ಹತ್ತಿಪ್ಪತ್ತು ಕಡಿಮೆಯೇ ಇತ್ತು ಆಪಾ, ಎಂದ. ಎಲ್ಲಿಯವರು, ಮನೆಮಂದಿ ಹ್ಯಾಂಗಿದ್ದಾರೆ ಎಂದು ವಿಚಾರಿಸಿ, ದುವಾ ಹೇಳಿ ಇಟ್ಟ. ಇಷ್ಟು ಒಳ್ಳೆಯ ಮನುಷ್ಯ ಯಾಕೆ ಸಿಕ್ಕ ಎಂದು ಆರಿಫಳಿಗೆ ಅನ್ನಿಸಿತು. ಒರಟ ಸಿಕ್ಕಿದ್ದರೆ ಅವನ ಮಾತನ್ನಾದರೂ ನಂಬದೆ ಇರಬಹುದಿತ್ತು.

ಗಂಡನಿಗೆ ಹೇಳಲಿಲ್ಲ. ಹೇಗೆ ಹೇಳುವುದು? ಒಮ್ಮೆಯೂ ರಸೀದಿ ಕೇಳದ ಗಂಡ. ಅವನ ಮುಂದೆ ನಿಂತು, ನನ್ನ ತಮ್ಮ ನಿಮ್ಮನ್ನು ಊರ ಮುಂದೆ ಸುಳ್ಳುಗಾರ ಮಾಡಿದ್ದಾನೆ ಎನ್ನಬೇಕೆ? ಅವನು ತಟ್ಟೆ ಮುಂದೆ ಕುಳಿತಾಗಲೆಲ್ಲ ಅವಳಿಗೆ ತಲೆ ಎತ್ತಲಾಗುತ್ತಿರಲಿಲ್ಲ. ಎಂದೂ ಇಲ್ಲದಷ್ಟು ಆರೈಕೆ ಮಾಡಿದಳು, ಅವನಿಗೆ ಇಷ್ಟವೆಂದು ಖಟ್ಟಿ ದಾಲು ಮತ್ತೆ ಮತ್ತೆ ಮಾಡಿದಳು. “ಏನದು, ನನ್ನ ಮ್ಯಾಲ ಇಷ್ಟು ಮಾಯಾ?” ಎಂದು ಕರೀಂ ನಕ್ಕ. ನಸೀರ ಬಕ್ರೀದಿಗೆ ಬರುವವನಿದ್ದ. ಅವನನ್ನೇ ಎದುರಿಗೆ ಕೂರಿಸಿಕೊಂಡು ಕೇಳುವುದೆಂದು ಕಾದಳು.

ನಸೀರ ಬಂದ. ಸೂಟ್‌ಕೇಸಿನಿಂದ ಸಿಮ್ರಾನಳಿಗೆ ಕೈಗಡಿಯಾರ, ಅಕ್ಕನಿಗೆ ನಮಾಜಿಗೆ ಹಾಸುವ ಜಾನಮಾಜು, ಖರ್ಜೂರ ತೆಗೆದ. ಹಬ್ಬ ಕಳೆದು ಬಂದುಹೋಗುವವರು ಕಡಿಮೆಯಾದ ಮೇಲೆ ಒಂದು ಮಧ್ಯಾಹ್ನ ಆರಿಫ ಅವನಿಗೆ ಬಡಿಸಿದಳು. ಅವನು ಎರಡನೆಯ ರೊಟ್ಟಿ ಮುರಿಯುವಾಗ ಕೇಳಿದಳು.

“ನಸೀರ್, ಏಳಿಂಚಿನ ಡೆಕ್ ಶಾರ್ಜಾದಾಗ ಎಷ್ಟಿಗಿ ಸಿಗ್ತದ?”

“ಆರುನೂರು. ಹೇಳಿನಲ್ಲ ಆಪಾ.”

“ರೊಟ್ಟಿ ಕೈಯಾಗ ಹಿಡಕೊಂಡು ಸುಳ್ಳು ಹೇಳಬ್ಯಾಡ. ನಾನೇ ಫೋನ್ ಮಾಡಿ ಕೇಳೀನಿ. ನಾನೂರಾ ಇಪ್ಪತ್ತು.”

ನಸೀರ ರೊಟ್ಟಿಯನ್ನು ತಟ್ಟೆಗಿಟ್ಟ. ಅವನು ನಾಚುತ್ತಾನೆ, ಅಳುತ್ತಾನೆ, ಕಾಲು ಹಿಡಿಯುತ್ತಾನೆ ಎಂದೆಲ್ಲ ಅವಳು ಕಲ್ಪಿಸಿಕೊಂಡಿದ್ದಳು. ಕ್ಷಮಿಸುವ ಮಾತುಗಳನ್ನೂ ಕೂಡಿಸಿಟ್ಟುಕೊಂಡಿದ್ದಳು. ಅವನು ಒಂದು ಗುಟುಕು ನೀರು ಕುಡಿದು, “ಹೌದು, ನಾನೂರಾ ಇಪ್ಪತ್ತು. ಆದ್ರ ಹೈದರಾಬಾದಿಗಿಂತ ಕಮ್ಮಿನೇ ಬೀಳ್ತದಲ್ಲ? ಯಾರ ಮನಿ ಹಾಳಾಗ್ಯಾದ?” ಎಂದ.

“ಮಂದಿ ಮುಂದ ನಾ ಕಸಮ್ ತಿಂದೀನಲ್ಲೋ!”

“ನಾ ತಿನ್ನಂತ ಹೇಳಿನೇನು? ಅಲ್ಲಿ ಉರಿ ಬಿಸಲಾಗ ಅಂಗಡಿ ಅಂಗಡಿ ತಿರಗಾಂವ ನಾನು. ಛುಟ್ಟಿಗಿ ಬರೋರ ಕಾಲಿಗಿ ಬಿದ್ದು ಡಬ್ಬಿ ಕಳಸಾಂವ ನಾನು. ತಂದಾಂವಗ ಖರ್ಚು ಇಡ್ತೀರಿ, ಕೂಡಿಸಾಂವಗ ಕೂಲಿ ಇಡ್ತೀರಿ. ನಸೀರಗ ಏನಿಟ್ಟೀರಿ? ಯಾರಾರ ಕೇಳೀರೇನು?”

 ಹೌದು, ಯಾರೂ ಕೇಳಿರಲಿಲ್ಲ. ತಮ್ಮನೆಂದರೆ ಮನೆಯವನು, ಮನೆಯವನಿಗೆ ಕೂಲಿ ಏನು ಎಂದೇ ಅವಳು ತಿಳಿದಿದ್ದಳು. “ಬಾಯಿ ತೆಗದು ಕೇಳಬೇಕಿತ್ತು” ಎಂದಳು. “ನಿನ್ನ ದುಲ್ಹೇಭಾಯಿ ಇಲ್ಲ ಅಂತಿದ್ರೇನು? ಅಂಥಾ ಮನುಷ್ಯಾನ ಕೂಡ ಮೋಸ ಮಾಡಿದಿ. ಒಂದು ದಿನ ರಸೀದಿ ಕೇಳ್ಯಾರೇನು ಅವರು?”

ನಸೀರ ಅಕ್ಕನ ಮುಖವನ್ನೇ ನೋಡಿದ. ಅವನ ಮುಖದಲ್ಲಿ ಮೊದಲ ಸಲ ಅಳುಕು ಕಂಡಿತು. “ಆಪಾ, ನಿನಗ ಖರೇನ ಗೊತ್ತಿಲ್ಲ?”

“ಏನು?”

“ಮ್ಯಾಲ ಹಚ್ಚಿದ ರೊಕ್ಕದಾಗ ಅರ್ಧ ದುಲ್ಹೇಭಾಯಿಗೇ ಹೋಗ್ತದಲ್ಲ. ಮೊದಲಿಂದಾನೂ. ನಿನಗ ಗೊತ್ತದಂತ ತಿಳದಿದ್ದೆ. ಆಮ್ಯಾಲ ಗೊತ್ತಿಲ್ಲಂತ ತಿಳೀತು, ಆದ್ರ...”

“ಆದ್ರ?”

“ಆಪಾಗ ಹೇಳಬ್ಯಾಡ ಅಂದ್ರು ದುಲ್ಹೇಭಾಯಿ. ರೇಟು ನನಗ ಹೇಳಬ್ಯಾಡ, ಅಕಿಗೇ ಹೇಳು, ಅಕಿ ಹೇಳಿದ್ರ ಮಂದಿ ನಂಬ್ತಾರ ಅಂದ್ರು.”

ಆರಿಫ ತಟ್ಟೆ ಎತ್ತಲಿಲ್ಲ, ಏಳಲಿಲ್ಲ. ಬಾನೆಟ್ಟಿನ ಮೇಲಿನ ಮೊಬೈಲು, ಸುತ್ತ ನಿಂತ ಗಂಡಸರು, “ನಮ್ಮ ಮನ್ಯಾಗ ಕೇಳೂಣು” ಎಂಬ ಗಂಡನ ಮಾತು, ಇಷ್ಟು ವರ್ಷ ಮರ್ಯಾದೆಯೆಂದು ಎದೆಯಲ್ಲಿಟ್ಟುಕೊಂಡಿದ್ದೆಲ್ಲ ಒಂದೊಂದಾಗಿ ಬೇರೆಯೇ ಆಗಿ ಕಾಣತೊಡಗಿತು. ಗಂಡ ರಸೀದಿ ಯಾಕೆ ಕೇಳಲಿಲ್ಲ ಎಂಬುದೂ ಈಗ ತಿಳಿಯಿತು. ಅವಳ ಒಗ್ಗರಣೆಯ ಸದ್ದೂ ಅವರಿಗೆ ಉಪಯೋಗಕ್ಕೆ ಬಂದಿತ್ತು.

ಸಂಜೆ ಕರೀಂ ಬಂದಾಗ ನಸೀರ ಮನೆಯಲ್ಲಿರಲಿಲ್ಲ. ಆರಿಫ ಬಾಗಿಲಲ್ಲೇ ಕೇಳಿದಳು. ಅವನು ಅಲ್ಲಗಳೆಯಲಿಲ್ಲ. ಕೈಕಾಲು ತೊಳೆದು, ಟವೆಲಿನಿಂದ ಬೆರಳ ಸಂದಿಯನ್ನೆಲ್ಲ ಒರೆಸಿಕೊಂಡ.

“ಧಂಧೆ ಅಂದ್ರ ಹಾಂಗೇ ಇರ್ತದ. ಬಾಜೂ ಅಂಗಡ್ಯಾಂವ ಏನು ಫುಕಟ್ ಕೊಡ್ತಾನೇನು? ನಾವು ತೊಗೊಂಡದ್ದು ಅವರಿಗಿಂತ ಕಮ್ಮೀನೇ.”

“ಮಾಲಿನ ಮ್ಯಾಲ ಏನೂ ಬ್ಯಾಡಂತ ಯಾಕ ಹೇಳ್ತಿದ್ರಿ ಮತ್ತ?”

“ಮಂದಿ ಬರಬೇಕಲ್ಲ.”

“ನನ್ನ ಬಾಯಿಂದ ಯಾಕ ಹೇಳಸಿದ್ರಿ?”

ಕರೀಂ ಟವೆಲು ಹಗ್ಗದ ಮೇಲೆ ಹಾಕಿದ. “ನನಗ ಸುಳ್ಳು ಹೇಳಾಕ ಬರಂಗಿಲ್ಲ” ಎಂದ. ತಮಾಷೆಗೆ ಹೇಳಿದನೋ, ಖರೆಯೇ ಹೇಳಿದನೋ ಅವಳಿಗೆ ತಿಳಿಯಲಿಲ್ಲ. ಅವನು ನಮಾಜಿಗೆ ಟೋಪಿ ಹುಡುಕುತ್ತ ಒಳಗೆ ಹೋದ.

ಆ ರಾತ್ರಿ ಹೆಚ್ಚು ಮಾತಾಗಲಿಲ್ಲ. ಆಮೇಲಿನ ದಿನಗಳಲ್ಲೂ ಆಗಲಿಲ್ಲ. ಅವಳು ಸುಮ್ಮನಿದ್ದದ್ದನ್ನು ಕರೀಂ ಒಪ್ಪಿಗೆ ಎಂದುಕೊಂಡಿರಬೇಕು. ಯಾಕೆಂದರೆ ಮುಂದಿನ ವಾರವೇ, ಬೆಳಿಗ್ಗೆ ಅವಳು ತೊಗರಿಬೇಳೆ ಆರಿಸುತ್ತಿದ್ದಾಗ, ಫೋನು ಬಂತು. ಎತ್ತಿದಾಗ ಹೆದ್ದಾರಿಯ ಲಾರಿಗಳ ಸದ್ದು ಕೇಳಿಸಿತು. ಸ್ಪೀಕರ್ ಹಾಕಿದ್ದಾನೆ ಎಂದು ಅದರಿಂದಲೇ ಗೊತ್ತಾಯಿತು.

“ಸಿಮ್ರಾನ್ ಅಮ್ಮಿ, ಮಚ್ಚೇಂದ್ರಣ್ಣ ಹೊಸಾ ಗಾಡಿ ತೊಗೊಂಡಾನ. ಅದೇ ಡೆಕ್ ಬೇಕಂತಾನ. ಏನ್ ರೇಟು ಹೇಳ್ಯಾನ ನಿನ್ನ ತಮ್ಮ?”

ಹೊಸ ಡೆಕ್ಕಿನ ಮಾತಿಗಿಂತ ಗಂಡನ ದನಿ ಅವಳನ್ನು ಚುಚ್ಚಿತು. ಅದೇ ಹಳೆಯ ಸಲಿಗೆಯ ದನಿ. ಎಲ್ಲ ಗೊತ್ತಾದ ಮೇಲೂ ಇವಳು ಹೇಳೇ ಹೇಳುತ್ತಾಳೆ ಎಂಬ ಧೈರ್ಯ ಅದರಲ್ಲಿತ್ತು.

“ಭಾಭಿ, ಸಲಾಮ್ ರಿ. ಮಕ್ಕಳು ಆರಾಮ?” ಮಚ್ಚೇಂದ್ರ ಕೂಗಿದ. “ಈ ಸಲ ನನ್ನ ಅಳಿಯನ್ನ ಬಿಟ್ಟು ಬಂದೀನ್ರಿ. ಅವನ ಮಸ್ಕತ್ತಿನ ಪುರಾಣ ಕೇಳಿ ಕಿವಿ ತೂತು ಬಿದ್ದಾವ.”

ಯಾರೋ ನಕ್ಕರು. ಆರಿಫ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಅಣ್ಣಾ, ನಾನೂರಾ ಇಪ್ಪತ್ತು ದಿರ್ಹಮ್. ನಮ್ಮ ರೊಕ್ಕದಾಗ ಒಂಬತ್ತೂವರಿ ಸಾವಿರದ ಒಳಗ.”

“ಈಗ ಇಳದಾದೇನ್ರಿ?”

“ಏ, ಅಕಿಗಿ ಬರಾಬರಿ ನೆನಪಿಲ್ಲ...” ಕರೀಮನ ಕೈ ಮೊಬೈಲಿನ ಮೇಲೆ ಬಂದದ್ದು ಗೊರಗೊರ ಎಂದು ಕೇಳಿಸಿತು.

“ಇಳದಿಲ್ಲಣ್ಣಾ” ಎಂದಳು ಆರಿಫ ಗಟ್ಟಿಯಾಗಿ. “ಮೊದಲೂ ಅಷ್ಟೇ ಇತ್ತು. ನಿಮ್ಮ ಅಳಿಯ ಹೇಳಿದ್ದು ಖರೆ. ನಾ ಹೇಳಿದ್ದು ಸುಳ್ಳಾಗ್ಯಾದ. ಆಗ ನನಗ ಗೊತ್ತಿರಲಿಲ್ಲ.”

ಲಾರಿಗಳು ಹೋಗುವುದು ಕೇಳಿಸುತ್ತಿತ್ತು.  ಮಚ್ಚೇಂದ್ರ ಮೊಬೈಲಿನ ಹತ್ತಿರ ಬಂದು ಮಾತಾಡಿದ. ಸಿಟ್ಟಿನಿಂದ ಮಾತಾಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

“ಮೂರು ಗಾಡಿಗಿ ಹಾಕಿಸೀನಿ ಭಾಭಿ. ನಿಮ್ಮ ತಮ್ಮನ ಬಾಯಿ, ನಿಮ್ಮ ಬಾಯಿ, ಕರೀಂಭಾಯಿ ಅಂಗಡಿ. ಗೊತ್ತಿರಲಿಲ್ಲ ಅಂದ್ರ ಹ್ಯಾಂಗ ನಂಬಲ್ರಿ? ದೇವರ ಮ್ಯಾಲ ಆಣಿ ಇಟ್ಟೀರಿ. ಆವತ್ತು ನನ್ನ ಅಳಿಯಗ ನಾ ಎಲ್ಲರ ಮುಂದ ಬೈದೀನಿ.”

“ನಂಬ್ರಿ ಅಂತ ನಾ ಹೇಳಂಗಿಲ್ಲಣ್ಣಾ. ನಿಮ್ಮ ಜಾಗಾದಾಗ ನಾ ಇದ್ರೂ ನಂಬತಿರಲಿಲ್ಲ.”

ಫೋನು ಕಟ್ಟಾಯಿತು. ಅತ್ತಲಿಂದ ಯಾರು ಒತ್ತಿದರೋ ಗೊತ್ತಾಗಲಿಲ್ಲ.

ಮಚ್ಚೇಂದ್ರ ಹೊಸ ಗಾಡಿಯನ್ನು ಹಾಗೆಯೇ ತಿರುಗಿಸಿಕೊಂಡು ಹೋದ ಎಂದು ನಂತರ ಸಿಮ್ರಾನಳ ಬಾಯಿಂದ ಕೇಳಿದಳು. ನಸೀರ ಛುಟ್ಟಿ ಮುಗಿಯುವ ಮೊದಲೇ ಹೊರಟ. ಹೋಗುವಾಗ ಅಕ್ಕನ ಮುಂದೆ ನಿಂತು, “ನನ್ನದು ಬಿಡು, ದುಲ್ಹೇಭಾಯಿ ರೋಟಿ ಮ್ಯಾಲ ಮಣ್ಣು ಹಾಕಿದಿ” ಎಂದ. ಅವಳು ಅವನ ತಲೆ ಸವರಲು ಎತ್ತಿದ ಕೈಯನ್ನು ಇಳಿಸಿಕೊಂಡಳು. ಅವನು ಓಣಿಯ ತಿರುವು ದಾಟಿದ ಮೇಲೆ ಒಳಗೆ ಬಂದು ಅವನ ಪ್ರಯಾಣದ ಸಲುವಾಗಿ ಸಫರಿನ ದುವಾ ಓದಿದಳು. ಅಭ್ಯಾಸ ಬಿಡಲಿಲ್ಲ. ಇಟ್ಟ ಆಣೆ ಸುಳ್ಳಾದದ್ದಕ್ಕೆ ಪ್ರಾಯಶ್ಚಿತ್ತವೆಂದು ಉಪವಾಸವಿದ್ದು ರೋಜಾ ಹಿಡಿದಳು. ತಿಳಿಯದೆ ಇಟ್ಟ ಆಣೆಗೆ ಅದು ಬೇಕಿಲ್ಲ ಎಂದು ಓಣಿಯ ಓದಿಕೊಂಡ ಹೆಂಗಸರು ಹೇಳಿದರು. ಅವಳು ಹಿಡಿದಳು.

ಈಗಲೂ ಕರೀಂ ದಿನವೂ ಬಸ್ಸಿಗೆ ಹುಮನಾಬಾದಿಗೆ ಹೋಗುತ್ತಾನೆ, ಬರುತ್ತಾನೆ. ಬಾನೆಟ್ಟಿನ ಮೇಲೆ ಮೊಬೈಲು ಇಡುವುದಿಲ್ಲ. ಮನೆಯಲ್ಲಿ ಬೇಕಾದಷ್ಟೇ ಮಾತು. ಮೊನ್ನೆ ಊಟಕ್ಕೆ ಕುಳಿತವನು ತಡೆಯಲಾರದೆ ಅಂದ:

“ಮಚ್ಚೇಂದ್ರ ಈಗ ಬಾಜೂ ಅಂಗಡಿಗಿ ಹೋಗಾಕತ್ತಾನ. ಅಲ್ಲಿ ಹೈದರಾಬಾದ್ ರೇಟಿನ ಮ್ಯಾಲ ಹಚ್ಚಿ ತೊಗೋತಾರ, ನಮಗಿಂತ ಎಷ್ಟೋ ಜಾಸ್ತಿ. ಖುಶೀಲೆ ಕೊಟ್ಟು ಬರ್ತಾನ. ಇದೇನು ಶಾಣ್ಯಾತನ?”

ಆರಿಫ ಅವನ ತಟ್ಟೆಗೆ ದಾಲು ಹಾಕಿದಳು.

“ಅವರು ಜಾಸ್ತಿ ಅಂತ ಹೇಳೇ ತೊಗೋತಾರ್ರಿ” ಎಂದಳು.